ಶಿಫ್ಟ್ ಗಟ್ಟಿ ಮಾಡಿಸುವ ಮೊದಲು ಇದನ್ನೊಮ್ಮೆ ಓದಿ: ನನ್ನ ಗೇರ್‌ಬಾಕ್ಸ್ ಹಾಳಾಗಿದ್ದು ಹೀಗೆ

ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರ್ ಇನ್ನೂ ಗಟ್ಟಿಯಾಗಿ, ಚುರುಕಾಗಿ ಬೀಳಬೇಕು ಅಂತ ನೀವು ಗ್ಯಾರೇಜಿಗೆ ಹೊರಟಿದ್ದರೆ ಸ್ವಲ್ಪ ನಿಲ್ಲಿ. ಒಳಗೆ ಏನೇನು ಬದಲಾಯಿಸುತ್ತಾರೆ ಅನ್ನುವುದನ್ನು ಮೊದಲು ಬರೆಸಿಕೊಳ್ಳಿ. ಒಂದೊಂದನ್ನೂ, ಒಳಗೆ ಆಯಿಲ್ ಹಾಯುವ ಪ್ಲೇಟಿನ ತೂತಿನ ಅಳತೆ ಸಮೇತ. ನನ್ನ ಗಾಡಿಗೆ ನಾಲ್ಕು ಕೆಲಸ ಮಾಡಿದ್ದರು, ನನಗೆ ಹೇಳಿದ್ದು ಒಂದೇ. ಸೆಕೆಂಡ್, ಫೋರ್ತ್, ರಿವರ್ಸ್ ಮೂರೂ ಒಟ್ಟಿಗೆ ಹೋದಮೇಲೆ, ಬೇರೊಬ್ಬರು ಗೇರ್‌ಬಾಕ್ಸ್ ಬಿಚ್ಚಿದಾಗ, ಉಳಿದ ಮೂರು ಕೆಲಸ ಬೆಳಕಿಗೆ ಬಂದವು.

ಗಾಡಿ ವಿ8 ಎಂಜಿನ್ನಿನದು, ಹಿಂದಿನ ಚಕ್ರಕ್ಕೆ ಡ್ರೈವ್. ಗೇರ್‌ಬಾಕ್ಸ್ ಜನರಲ್ ಮೋಟಾರ್ಸ್‌ನ 4ಎಲ್60-ಇ. 1982ರಲ್ಲಿ ಬಂದ 700-ಆರ್4 ಇದರ ಮೂಲ. 1993ರಿಂದ ಕಂಪ್ಯೂಟರ್ ನಿಯಂತ್ರಣಕ್ಕೆ ಬಂತು. ಕಮಾರೊ, ಕಾರ್ವೆಟ್‌ನಂಥ ಕಾರುಗಳಲ್ಲೂ ಇದೆ, ಪಿಕಪ್ ಟ್ರಕ್‌ಗಳಲ್ಲೂ ಇದೆ. ಕಂಪನಿಯಿಂದ ಬಂದಾಗ ಶಿಫ್ಟ್ ಮೆತ್ತಗಿರುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಫಸ್ಟ್‌ನಿಂದ ಸೆಕೆಂಡ್‌ಗೆ ಹೋಗುವುದು ಎಳೆದಂತೆ ಇರುತ್ತಿತ್ತು. ಅದೊಂದು ಸರಿಯಾದರೆ ಸಾಕು ಅಂದಿದ್ದೆ. ನಿಧಾನವಾಗಿ ಓಡಿಸುವಾಗ ಈಗಿನ ಹಾಗೇ ಇರಲಿ ಅಂತಲೂ ಸ್ಪಷ್ಟವಾಗಿ ಹೇಳಿದ್ದೆ.

ಇಂಥದನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಗೇರ್ ಬದಲಾಗುವಾಗ ಕ್ಲಚ್ಚೋ, ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿಯಾದ ಬ್ಯಾಂಡೋ ಸ್ವಲ್ಪ ಹೊತ್ತು ಜಾರಿಕೊಂಡೇ ಹಿಡಿಯುತ್ತದೆ. ಆ ಜಾರುವ ಹೊತ್ತಿನಲ್ಲಿ ಹುಟ್ಟುವ ಬಿಸಿಯೆಲ್ಲ ಫ್ರಿಕ್ಷನ್ ಮೇಲೆ, ಅಂದರೆ ಅವುಗಳ ಹಿಡಿತದ ಪದರದ ಮೇಲೆ, ಬೀಳುತ್ತದೆ. ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಹೆಚ್ಚಿದ್ದು ಶಿಫ್ಟ್ ಮೆತ್ತಗಿದ್ದರೆ ಫ್ರಿಕ್ಷನ್ ಸುಟ್ಟು ಕಪ್ಪಾಗುತ್ತದೆ. ಹಾಗಾಗಿ ಜೋರಾಗಿ ಓಡಿಸುವವರಿಗೆ ಸ್ವಲ್ಪ ಗಟ್ಟಿ ಶಿಫ್ಟ್ ಒಳ್ಳೆಯದೇ.

ಆದರೆ ಇನ್ನೊಂದು ಕಡೆಯ ಲೆಕ್ಕವನ್ನು ಆ ಗ್ಯಾರೇಜಿನಲ್ಲಿ ಯಾರೂ ಹೇಳಲಿಲ್ಲ. ಈ ಗೇರ್‌ಬಾಕ್ಸಿನಲ್ಲಿ ಫಸ್ಟ್‌ನ ಅನುಪಾತ 3.06, ಸೆಕೆಂಡ್‌ನದು 1.63. ಎಂಜಿನ್ 6000 ಆರ್‌ಪಿಎಂನಲ್ಲಿದ್ದಾಗ ಸೆಕೆಂಡ್ ಬಿದ್ದರೆ ಅದು ಸುಮಾರು 3200ಕ್ಕೆ ಇಳಿಯಲೇಬೇಕು. ಕ್ರ್ಯಾಂಕ್, ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕನ್ವರ್ಟರ್, ತಿರುಗುತ್ತಿರುವ ಎಲ್ಲ ಭಾರವೂ ಅಷ್ಟು ವೇಗವನ್ನು ಒಂದೇ ಸಲ ಕಳೆದುಕೊಳ್ಳಬೇಕು. ಆ ಭಾರದ ವೇಗ ಇಳಿಸುವುದರಿಂದ ಬರುವ ಟಾರ್ಕ್ ಶಿಫ್ಟಿಗೆ ಹಿಡಿಯುವ ಸಮಯವನ್ನು ಅವಲಂಬಿಸಿದೆ. ಸಮಯ ಅರ್ಧಕ್ಕೆ ಇಳಿದರೆ ಆ ಟಾರ್ಕ್ ಎರಡು ಪಟ್ಟು. ಬಿಸಿ ಕಡಿಮೆಯಾಗುತ್ತದೆ ನಿಜ, ಆದರೆ ಏಟು ಲೋಹದ ಮೇಲೆ ಬೀಳುತ್ತದೆ. ಎಷ್ಟು ಗಟ್ಟಿ ಸಾಕು ಅನ್ನುವುದು ಈ ಎರಡರ ನಡುವೆ ತೀರ್ಮಾನ ಆಗಬೇಕು, ಅಲ್ವಾ?

ಗಟ್ಟಿ ಮಾಡಲು ದಾರಿ ಹಲವು ಇವೆ. ಆಯಿಲನ್ನು ಬೇಕಾದ ಕಡೆ ಕಳಿಸುವ ವಾಲ್ವ್ ಬಾಡಿಗೂ ಗೇರ್‌ಬಾಕ್ಸಿನ ಕೇಸಿಗೂ ನಡುವೆ ತೂತುಗಳಿರುವ ಒಂದು ತೆಳು ಲೋಹದ ಹಾಳೆ ಇರುತ್ತದೆ, ಅದೇ ಸೆಪರೇಟರ್ ಪ್ಲೇಟ್. ಯಾವ ಕ್ಲಚ್ಚಿಗೆ ಆಯಿಲ್ ಎಷ್ಟು ಬೇಗ ಹೋಗಬೇಕು ಅನ್ನುವುದು ಆ ತೂತುಗಳ ಮೇಲೆ ನಿಂತಿದೆ. ತೂತು ದೊಡ್ಡದು ಮಾಡಿದರೆ ಆಯಿಲ್ ಬೇಗ ನುಗ್ಗುತ್ತದೆ. ಎರಡನೆಯದು ಅಕ್ಯುಮುಲೇಟರ್. ಸ್ಪ್ರಿಂಗ್ ಹಾಕಿದ ಪಿಸ್ಟನ್ ಅದು. ಒತ್ತಡ ಏರುವಾಗ ಸ್ವಲ್ಪ ಆಯಿಲನ್ನು ತಾನು ತೆಗೆದುಕೊಂಡು, ಹಿಡಿತ ಒಮ್ಮೆಲೇ ಬೀಳದಂತೆ ನೋಡಿಕೊಳ್ಳುತ್ತದೆ. ಮೂರನೆಯದು ಸರ್ವೋ ಪಿಸ್ಟನ್, ಬ್ಯಾಂಡನ್ನು ಬಿಗಿಯುವುದು ಅದೇ. ಈ ಗೇರ್‌ಬಾಕ್ಸಿಗೆ ಕಾರ್ವೆಟ್ ಸರ್ವೋ ಅಂತ ಕರೆಯುವ ದೊಡ್ಡ ಪಿಸ್ಟನ್ ಹಾಕುವುದು ಬಹಳ ಜನ ಮಾಡುವ ಕೆಲಸ. ನಾಲ್ಕನೆಯದು ಕಂಪ್ಯೂಟರ್. ಲೈನ್ ಪ್ರೆಶರ್, ಅಂದರೆ ಒಳಗಿನ ಆಯಿಲಿನ ಒತ್ತಡ, ಎಷ್ಟಿರಬೇಕು, ಶಿಫ್ಟ್ ಆಗುವಾಗ ಎಂಜಿನ್ನಿನ ಸ್ಪಾರ್ಕ್ ಎಷ್ಟು ಹಿಂದೆ ಸರಿಸಿ ಟಾರ್ಕ್ ಇಳಿಸಬೇಕು, ಎಲ್ಲವೂ ಅದರ ಕೈಯಲ್ಲಿದೆ. ಹಾಗೆ ಟಾರ್ಕ್ ಇಳಿಸುವುದಕ್ಕೆ ಟಾರ್ಕ್ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ.

ಇವುಗಳಲ್ಲಿ ಒಂದನ್ನೋ ಎರಡನ್ನೋ ಅಳತೆ ನೋಡಿ ಬದಲಾಯಿಸಿದರೆ ಗೇರ್‌ಬಾಕ್ಸ್ ತಡೆದುಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ನಾಲ್ಕನ್ನೂ ಕೊನೆಯ ಮಟ್ಟಕ್ಕೆ ಒಯ್ದಿದ್ದರು. ಬಿಲ್ಲಿನಲ್ಲಿ ಮಾತ್ರ "ಶಿಫ್ಟ್ ಕಿಟ್" (ಶಿಫ್ಟ್ ಗಟ್ಟಿ ಮಾಡುವ ಬಿಡಿಭಾಗಗಳ ಸೆಟ್) ಅನ್ನುವ ಎರಡು ಪದ.

ಗಾಡಿ ವಾಪಸ್ ಸಿಕ್ಕ ದಿನವೇ ಅನುಮಾನ ಬಂತು. ಪಾರ್ಕಿಂಗ್‌ನಿಂದ ರಿವರ್ಸಿಗೆ ಹಾಕಿದರೆ ಧಡ್ ಅಂತ ಸದ್ದು, ಇಡೀ ಗಾಡಿಯೇ ಅಲುಗಾಡುತ್ತಿತ್ತು. ಸಿಗ್ನಲ್‌ನಲ್ಲಿ ಮೆಲ್ಲಗೆ ಹೊರಟರೂ ಸೆಕೆಂಡ್ ಬೀಳುವಾಗ ಪಕ್ಕದಲ್ಲಿ ಕೂತವರ ತಲೆ ಮುಂದಕ್ಕೆ ಹೋಗುತ್ತಿತ್ತು. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಟೈರ್ ಕಿರುಚುತ್ತಿತ್ತು. ಮೆತ್ತಗೆ ಓಡಿಸುವಾಗಲೂ ಶಿಫ್ಟ್ ಹೀಗೆ ಹೊಡೆದರೆ ಅದು ಗಟ್ಟಿ ಶಿಫ್ಟ್ ಅಲ್ಲ, ಕೆಟ್ಟ ಶಿಫ್ಟ್. ಸರಿಯಾಗಿ ಮಾಡಿದ ಕೆಲಸದಲ್ಲಿ ಗಟ್ಟಿತನ ಆಕ್ಸಿಲರೇಟರ್ ಜೊತೆ ಏರುತ್ತದೆ, ಅದರ ಜೊತೆಯೇ ಇಳಿಯುತ್ತದೆ.

ಮರುದಿನವೇ ಗಾಡಿಯನ್ನು ಅಲ್ಲಿಗೆ ತೆಗೆದುಕೊಂಡು ಹೋದೆ. "ಪರ್ಫಾರ್ಮೆನ್ಸ್ ಗಾಡಿ ಅಂದ್ರೆ ಹೀಗೇ ಸರ್, ಸ್ವಲ್ಪ ಓಡಿಸಿ, ಕಂಪ್ಯೂಟರ್ ಕಲ್ತುಕೊಳ್ಳುತ್ತೆ" ಅಂದರು. ಈ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅಪಾಯ. ಈ ಕಂಪ್ಯೂಟರ್ ಶಿಫ್ಟಿಗೆ ಎಷ್ಟು ಸಮಯ ಹಿಡಿಯಿತು ಅಂತ ಅಳೆದು, ಮುಂದಿನ ಸಲಕ್ಕೆ ಒತ್ತಡವನ್ನು ಸ್ವಲ್ಪ ಹೊಂದಿಸಿಕೊಳ್ಳುವುದು ನಿಜ. ಆದರೆ ಅದು ಹೊಂದಿಸಬಲ್ಲದ್ದು ಒತ್ತಡವನ್ನು ಮಾತ್ರ. ಕೊರೆದ ತೂತನ್ನು ಅದು ಮುಚ್ಚಲಾರದು. ಅಲುಗಾಡದಂತೆ ಕಟ್ಟಿಹಾಕಿದ ಅಕ್ಯುಮುಲೇಟರನ್ನು ಬಿಡಿಸಲಾರದು.

ಕೆಲವು ವಾರ ಹಾಗೇ ಓಡಿತು. ಆಮೇಲೆ ಒಂದು ಸಂಜೆ ಸೆಕೆಂಡ್ ಬೀಳಬೇಕಾದ ಕಡೆ ಎಂಜಿನ್ ಸುಮ್ನೆ ಕೂಗಿತು, ಗಾಡಿಗೆ ಎಳೆತವೇ ಇಲ್ಲ. ಸ್ವಲ್ಪ ಹೊತ್ತಿಗೆ ಥರ್ಡ್ ಹಿಡಿಯಿತು. ಪಕ್ಕಕ್ಕೆ ನಿಲ್ಲಿಸಿ ರಿವರ್ಸ್ ಹಾಕಿದರೆ ನ್ಯೂಟ್ರಲ್‌ನಲ್ಲಿದ್ದ ಹಾಗೆ. ಫಸ್ಟ್ ಮತ್ತು ಥರ್ಡ್ ಇವೆ, ಸೆಕೆಂಡ್, ಫೋರ್ತ್, ರಿವರ್ಸ್ ಇಲ್ಲ. 4ಎಲ್60-ಇ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಬಿಚ್ಚದೆಯೇ "ಸನ್ ಶೆಲ್ ಹೋಗಿದೆ" ಅನ್ನುತ್ತಾರೆ.

ಗಂಟೆಯಾಕಾರದ ಲೋಹದ ಚಿಪ್ಪು ಅದು. ಒಂದು ಕಡೆ ಡ್ರಮ್ಮಿಗೆ, ಇನ್ನೊಂದು ಕಡೆ ಸನ್ ಗೇರಿಗೆ, ಅಂದರೆ ಗೇರ್ ಗುಂಪಿನ ನಡುವಿನ ಗೇರಿಗೆ, ಕೊಂಡಿ. ಸೆಕೆಂಡ್ ಮತ್ತು ಫೋರ್ತ್‌ನಲ್ಲಿ ಬ್ಯಾಂಡ್ ಡ್ರಮ್ಮನ್ನು ಹಿಡಿದು ನಿಲ್ಲಿಸುತ್ತದೆ, ಈ ಶೆಲ್ ಮೂಲಕ ಸನ್ ಗೇರ್ ನಿಲ್ಲುತ್ತದೆ. ರಿವರ್ಸ್‌ನಲ್ಲಿ ಇದೇ ದಾರಿಯಲ್ಲಿ ಎಂಜಿನ್ನಿನ ಬಲ ಹೋಗುತ್ತದೆ. ಅದಕ್ಕೇ ಇದೊಂದು ಮುರಿದರೆ ಮೂರೂ ಗೇರ್ ಒಟ್ಟಿಗೆ ಹೋಗುವುದು. ಫಸ್ಟ್‌ನಿಂದ ಸೆಕೆಂಡ್‌ಗೆ ಹೋಗುವ ಪ್ರತಿ ಏಟೂ ನೇರವಾಗಿ ಬೀಳುವುದು ಇದರ ಮೇಲೆಯೇ.

ಬೇರೆ ಕಡೆ ಬಿಚ್ಚಿಸಿದಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ಶೆಲ್‌ನ ಕುತ್ತಿಗೆ ಬಿರುಕುಬಿಟ್ಟು, ಹಲ್ಲುಗಳು ಸವೆದುಹೋಗಿದ್ದವು. ಸರ್ವೋ ಮುಚ್ಚಳ ತೆಗೆದರೆ ಒಳಗೆ ದೊಡ್ಡ ಪಿಸ್ಟನ್. ಅಕ್ಯುಮುಲೇಟರ್ ಪಿಸ್ಟನ್ ಅಲುಗಾಡದ ಹಾಗೆ ಕಟ್ಟಿಹಾಕಿದ್ದರು. ಪ್ಲೇಟಿನಲ್ಲಿ ಸೆಕೆಂಡಿನ ತೂತನ್ನು ಅಂಚೂ ನಯ ಮಾಡದೆ ಕೊರೆದಿದ್ದರು. ಇಲ್ಲೊಂದು ಲೆಕ್ಕ ನೆನಪಿಡಿ: ಎರಡು ಮಿಲಿಮೀಟರ್ ತೂತನ್ನು ಮೂರು ಮಾಡಿದರೆ ಆಯಿಲ್ ಹೋಗುವ ಜಾಗ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಆಗುತ್ತದೆ. ಕಣ್ಣಿಗೆ ಚಿಕ್ಕ ವ್ಯತ್ಯಾಸ, ಕೆಲಸದಲ್ಲಿ ಬಹಳ ದೊಡ್ಡದು. ಒಮ್ಮೆ ಕೊರೆದದ್ದನ್ನು ಸರಿಪಡಿಸಲು ಹೊಸ ಪ್ಲೇಟೇ ಬೇಕು. ಕಂಪ್ಯೂಟರನ್ನು ಓದಿಸಿದರೆ ಲೈನ್ ಪ್ರೆಶರ್ ಎಲ್ಲ ಮಟ್ಟದಲ್ಲೂ ಏರಿಸಿದ್ದು, ಟಾರ್ಕ್ ಮ್ಯಾನೇಜ್‌ಮೆಂಟ್ ಪೂರ್ತಿ ಆಫ್ ಮಾಡಿದ್ದು ಕಂಡಿತು. ನನ್ನ ಮೂಲ ಫೈಲನ್ನು ಅವರು ಉಳಿಸಿಯೂ ಇರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಗಾಡಿ ನನ್ನದು. ಅದರೊಳಗೆ ಏನಿದೆ ಅನ್ನುವುದನ್ನು ನನಗೆ ಹೇಳದೆ ಬಿಡಲು ಅವರು ಯಾರು?

ಈಗ ನೀವು ಏನು ಮಾಡಬೇಕು ಅಂತ ಹೇಳುತ್ತೇನೆ. ಕೆಲಸಕ್ಕೆ ಮೊದಲು ಆಯಿಲ್ ನೋಡಿಸಿ. ಸುಟ್ಟ ವಾಸನೆ ಇದ್ದರೆ, ಗೇರ್‌ಬಾಕ್ಸಿನ ಕೆಳಗಿನ ಆಯಿಲ್ ಪ್ಯಾನ್‌ನಲ್ಲಿ ಫ್ರಿಕ್ಷನ್‌ನ ಪುಡಿ ಜಾಸ್ತಿ ಇದ್ದರೆ ಯಾವ ಕಿಟ್ಟೂ ಬೇಡ. ಸವೆದ ಗೇರ್‌ಬಾಕ್ಸಿಗೆ ಬೇಕಾಗಿರುವುದು ರಿಪೇರಿ. ಗೇರ್‌ಬಾಕ್ಸ್ ಮೌಂಟ್, ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ ಕೂಡ ನೋಡಿಸಿ, ಸಡಿಲ ಇದ್ದರೆ ಎಷ್ಟೇ ಒಳ್ಳೆ ಶಿಫ್ಟೂ ಧಡ್ ಅನ್ನುತ್ತದೆ. ಆಮೇಲೆ ಕಂಪ್ಯೂಟರ್‌ನಿಂದ ಶುರುಮಾಡಿ, ಯಾಕೆಂದರೆ ಇಷ್ಟವಾಗದಿದ್ದರೆ ಏನನ್ನೂ ಬಿಚ್ಚದೆ ಹಿಂದಕ್ಕೆ ತರಬಹುದಾದ ದಾರಿ ಅದೊಂದೇ. ಮೂಲ ಫೈಲಿನ ಪ್ರತಿ ನಿಮ್ಮ ಹತ್ತಿರ ಇರಲಿ. ಹೆಚ್ಚು ಆಕ್ಸಿಲರೇಟರ್‌ನಲ್ಲಿ ಮಾತ್ರ ಒತ್ತಡ ಏರಿಸಲು ಹೇಳಿ. ಟಾರ್ಕ್ ಮ್ಯಾನೇಜ್‌ಮೆಂಟ್ ಕಡಿಮೆ ಮಾಡಿಸಿ, ತೆಗೆಸಬೇಡಿ. ಅಷ್ಟರಲ್ಲೇ ಬಹಳ ಜನರಿಗೆ ಬೇಕಾದ್ದು ಸಿಕ್ಕಿಬಿಡುತ್ತದೆ. ಇನ್ನೂ ಬೇಕಾದರೆ ಒಂದು ಸಲಕ್ಕೆ ಒಂದೇ ಬದಲಾವಣೆ, ಕಿಟ್ ತಯಾರಿಸಿದವರು ಹೇಳಿದ ತೂತಿನ ಅಳತೆಯೊಳಗೇ. ಪ್ರೆಶರ್ ಗೇಜ್ ಹಾಕಿ ಮೊದಲಿನ ಮತ್ತು ನಂತರದ ಒತ್ತಡ ತೋರಿಸಲು ಕೇಳಿ. ತೆಗೆದ ಹಳೆ ಭಾಗಗಳನ್ನೆಲ್ಲ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡುವ ಕಡೆ ಗಾಡಿ ಬಿಡಬೇಡಿ.

ಸುಲಭದ ಉಪಾಯ ಅಂತ ಹೇಳುವ ಎರಡು ಮಾತುಗಳಿಂದಲೂ ದೂರ ಇರಿ. ಒಂದು, ಪ್ರೆಶರ್ ಕಂಟ್ರೋಲ್ ಸೊಲೆನಾಯ್ಡ್‌ನ (ಕರೆಂಟಿನಿಂದ ಆಯಿಲ್ ಒತ್ತಡ ಹೊಂದಿಸುವ ವಾಲ್ವ್) ಕನೆಕ್ಟರ್ ಕಿತ್ತುಬಿಡುವುದು. ಈ ಗೇರ್‌ಬಾಕ್ಸಿನಲ್ಲಿ ಆ ಸೊಲೆನಾಯ್ಡ್‌ಗೆ ಕರೆಂಟ್ ಇಲ್ಲದಿದ್ದರೆ ಒತ್ತಡ ಯಾವಾಗಲೂ ಗರಿಷ್ಠ. ಇನ್ನೊಂದು, ಟೈಪ್ ಎಫ್ ಆಯಿಲ್ ಹಾಕುವುದು. ಅದರಲ್ಲಿ ಹಿಡಿತವನ್ನು ನಯ ಮಾಡುವ ಫ್ರಿಕ್ಷನ್ ಮಾಡಿಫೈಯರ್ ಇಲ್ಲದ ಕಾರಣ ಹಿಡಿತ ಥಟ್ಟಂತ ಬೀಳುವುದು ನಿಜ. ಆದರೆ ಜನರಲ್ ಮೋಟಾರ್ಸ್‌ನ ಡೆಕ್ಸ್‌ರಾನ್ ಆಯಿಲ್‌ಗೆಂದು ಮಾಡಿದ, ಒಳಗೇ ಕ್ಲಚ್ ಇರುವ ಲಾಕಪ್ ಕನ್ವರ್ಟರಿನ ಗೇರ್‌ಬಾಕ್ಸಿಗೆ ಅದು ಹೊಂದುವುದಿಲ್ಲ.

ಹೊಸ ಗಾಡಿಯವರಿಗೂ ಇದು ಅನ್ವಯಿಸುತ್ತದೆ. 2009ರಲ್ಲಿ ಬಂದ, ಜರ್ಮನಿಯ ಝಡ್‌ಎಫ್ ಕಂಪನಿಯ 8ಎಚ್‌ಪಿಯಂಥ ಎಂಟು ಗೇರಿನ ಪೆಟ್ಟಿಗೆಯಲ್ಲಿ ತೂತು ಕೊರೆಯುವ ಮಾತಿಲ್ಲ, ಗಟ್ಟಿತನ ಬಹುಪಾಲು ಸಾಫ್ಟ್‌ವೇರ್‌ನಲ್ಲೇ. ಅಲ್ಲಿರುವ ಐದು ಕ್ಲಚ್ ಮತ್ತು ಬ್ರೇಕ್‌ಗಳಲ್ಲಿ ಪ್ರತಿ ಗೇರಿಗೂ ಮೂರು ಹಿಡಿದಿರುತ್ತವೆ. ಒಂದು ಬಿಡುವುದಕ್ಕೂ ಇನ್ನೊಂದು ಹಿಡಿಯುವುದಕ್ಕೂ ಸಮಯ ಹೊಂದದಿದ್ದರೆ ಎರಡೂ ಜಗ್ಗಾಡಿಕೊಂಡು ಸುಡುತ್ತವೆ. ಅದೂ ಸದ್ದಿಲ್ಲದೆ. ಸಾಫ್ಟ್‌ವೇರ್‌ನ ಯಾವ್ಯಾವ ಟೇಬಲ್ (ಅಂಕಿಪಟ್ಟಿ) ಬದಲಾಯಿಸಿದರು ಅಂತ ಅಲ್ಲಿಯೂ ಕೇಳಿ.

ಕೊನೆಗೆ ನನ್ನದು ಗಟ್ಟಿಗೊಳಿಸಿದ ಶೆಲ್, ಹೊಸ ಬ್ಯಾಂಡ್, ಹೊಸ ಪ್ಲೇಟ್, ಕಂಪನಿಯದೇ ಅಕ್ಯುಮುಲೇಟರ್‌ಗಳ ಜೊತೆ ಮತ್ತೆ ಕಟ್ಟಿದ್ದಾಯಿತು. ಈಗ ಬದಲಾವಣೆ ಇರುವುದು ಕಂಪ್ಯೂಟರ್‌ನಲ್ಲಿ ಮಾತ್ರ. ನಾನು ಮೊದಲು ಕೇಳಿದ್ದ ಶಿಫ್ಟ್ ಅಷ್ಟರಲ್ಲೇ ಸಿಕ್ಕಿದೆ. ನಿಮ್ಮದೂ ಒಂದು ವೇಳೆ ಹೀಗೆ ಮುರಿದಿದ್ದರೆ, ಹೊಸದಾಗಿ ಕಟ್ಟಿಸುವಾಗ ಆಯಿಲ್ ಕೂಲರ್, ಅದರ ಪೈಪು, ಕನ್ವರ್ಟರ್ ಮೂರನ್ನೂ ಮರೆಯಬೇಡಿ. ಮುರಿದ ಶೆಲ್‌ನ ಲೋಹದ ಪುಡಿ ಅಲ್ಲೆಲ್ಲ ಕೂತಿರುತ್ತದೆ. ನನ್ನ ಮೆಕ್ಯಾನಿಕ್ ಕನ್ವರ್ಟರ್ ಬದಲಾಯಿಸಿ, ಕೂಲರನ್ನು ತೊಳೆಯುವ ಬದಲು ಹೊಸದೇ ಹಾಕಿದರು, ಮೊದಲ ಕೆಲವು ನೂರು ಕಿಲೋಮೀಟರ್ ಆದಮೇಲೆ ಪ್ಯಾನ್ ಇಳಿಸಿ ಫಿಲ್ಟರನ್ನೂ ಮತ್ತೆ ಬದಲಾಯಿಸಿದರು.