ಫೋರ್ಕ್ ಆಯಿಲ್ ಮರೆತೆ, ಬ್ರೇಕ್ ಕೈಕೊಟ್ಟಿತು

ಬೈಕಿಗೆ ಆರು ವರ್ಷ, ಓಡಿದ್ದು 42,000 ಕಿ.ಮೀ. ಎಂಜಿನ್ ಆಯಿಲ್ ಒಂದು ಸಲವೂ ತಡ ಮಾಡಿದವನಲ್ಲ ನಾನು. ಮುಂದಿನ ಚಕ್ರವನ್ನು ಹಿಡಿದು ಕುಲುಕಾಟ ತಡೆಯುವ ಜೋಡಿ ಕೊಳವೆ, ಅಂದರೆ ಫೋರ್ಕ್, ಅದರ ಒಳಗೂ ಆಯಿಲ್ ಇರುತ್ತದೆ, ಅದೂ ಹಳತಾಗುತ್ತದೆ ಅನ್ನುವುದು ಮಾತ್ರ ತಲೆಗೇ ಬಂದಿರಲಿಲ್ಲ.

ಒಂದು ದಿನ ಮುಂದಿದ್ದ ಕಾರು ಗಕ್ಕನೆ ನಿಂತಿತು. ಮುಂದಿನ ಬ್ರೇಕ್ ಹಿಡಿದೆ. ಲಿವರ್ ಎಂದಿನಂತೆ ಗಟ್ಟಿಯಾಗಿಯೇ ಇತ್ತು, ಗಾಡಿ ನಿಲ್ಲಲಿಲ್ಲ. ಹಿಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರಿತು. ಹೇಗೋ ಪಕ್ಕಕ್ಕೆ ತಿರುಗಿಸಿಕೊಂಡೆ. ಇಳಿದು ನೋಡಿದರೆ ಬ್ರೇಕ್ ಡಿಸ್ಕ್ ಇರುವ ಕಡೆಯ ಫೋರ್ಕ್ ಸೀಲಿನಿಂದ (ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರ್ ಬಳೆ) ಎಣ್ಣೆ ಸೋರಿ, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಮೇಲೆ ಇಳಿದು, ಡಿಸ್ಕ್ ಪೂರ್ತಿ ಮಿರಮಿರ ಹೊಳೆಯುತ್ತಿತ್ತು.

ಸೂಚನೆಗಳು ಮೊದಲೇ ಇದ್ದವು. ಬ್ರೇಕ್ ಹಾಕಿದರೆ ಮೂತಿ ಸರ್ರನೆ ಕೆಳಗಿಳಿಯುತ್ತಿತ್ತು. ಹಂಪ್ ದಾಟಿದರೆ ಮುಂದೆ 'ಠಕ್' ಅನ್ನುತ್ತಿತ್ತು. ಗಾಡಿಗೆ ವಯಸ್ಸಾಯಿತು ಅಂದುಕೊಂಡು ಸುಮ್ನೆ ಇದ್ದೆ. ಕನ್ನಡಕದ ನಂಬರ್ ಏರಿದ್ದು ನಮಗೇ ಗೊತ್ತಾಗುವುದಿಲ್ಲ ಅಲ್ವಾ, ಹಾಗೆ.

ಫೋರ್ಕ್ ಒಳಗಿನ ಆಯಿಲ್ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗುವಾಗ ಸ್ಪ್ರಿಂಗ್ ಕುಣಿತಕ್ಕೆ ಕಡಿವಾಣ ಬೀಳುತ್ತದೆ. ಓಡಿ ಓಡಿ ಆ ಆಯಿಲ್ ತೆಳುವಾಗುತ್ತದೆ. ಕೊಳವೆ ಜಾರಾಡುವ ಬುಷ್ (ಒಳಗಿನ ಬಳೆ) ಸವೆದ ಲೋಹದ ಪುಡಿ, ತೇವ ಎಲ್ಲ ಅದರಲ್ಲೇ ಸೇರಿಕೊಳ್ಳುತ್ತದೆ. ನನ್ನ ಫೋರ್ಕಿನಿಂದ ಇಳಿದದ್ದನ್ನು ಆಯಿಲ್ ಅನ್ನುವ ಹಾಗೇ ಇರಲಿಲ್ಲ. ಬೂದು ಬಣ್ಣದ ನೀರು, ಕೊಳೆತ ಮೀನಿನ ವಾಸನೆ.

ಎರಡನೇ ಪೆಟ್ಟು ಗ್ಯಾರೇಜಿನಲ್ಲಿ ಬಿತ್ತು. ಸೀಲ್ ಹಾಕಿದವರು, ಮಿಕ್ಕಿದ್ದ 20ಡಬ್ಲ್ಯೂ-40 ಎಂಜಿನ್ ಆಯಿಲನ್ನೇ ಕಣ್ಣಂದಾಜಿನಲ್ಲಿ ಸುರಿದಿದ್ದರು. ನನ್ನ ಬೈಕಿಗೆ ಬೇಕಾದ 10ಡಬ್ಲ್ಯೂ ಫೋರ್ಕ್ ಆಯಿಲ್‌ಗಿಂತ ಅದು ತುಂಬಾ ಮಂದ ('ಡಬ್ಲ್ಯೂ' ನಂಬರ್ ಅಂದರೆ ಆಯಿಲ್ ಎಷ್ಟು ಮಂದ ಅನ್ನುವುದರ ಗುರುತು). ಮೇಲಾಗಿ ಜಾಸ್ತಿ ಹಾಕಿದ್ದರು. ಆಯಿಲ್ ಮೇಲೆ ಸ್ವಲ್ಪ ಗಾಳಿಗೆ ಜಾಗ ಬೇಕು. ಆ ಜಾಗ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಒತ್ತಡವೆಲ್ಲ ಸೀಲಿನ ಮೇಲೇ. ಒಂದೇ ತಿಂಗಳಲ್ಲಿ ಹೊಸ ಸೀಲೂ ಸೋರಿತು. ಇದು ನನಗೆ ಮೊದಲಿನದಕ್ಕಿಂತ ಹೆಚ್ಚು ಸಿಟ್ಟು ತರಿಸಿತು.

ಈ ಸಲ ಬೇರೆ ಮೆಕ್ಯಾನಿಕ್ ಹತ್ತಿರ ನಿಂತು ಮಾಡಿಸಿದೆ. ಸ್ಪ್ರಿಂಗ್ ತೆಗೆದು, ಫೋರ್ಕನ್ನು ಪೂರ್ತಿ ಒತ್ತಿಟ್ಟು, ಕೊಳವೆಯ ಬಾಯಿಯಿಂದ ಆಯಿಲ್ ಮಟ್ಟದವರೆಗೆ ಎಷ್ಟು ಮಿ.ಮೀ. ಅಂತ ಅಳೆದರು. ಅದಕ್ಕೂ ಮೊದಲು ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ ಸಿಕ್ಕಿಕೊಂಡ ಗಾಳಿ ಬಿಟ್ಟರು. ಫೋರ್ಕಿನ ಎರಡೂ ಕೊಳವೆಗೆ ಒಂದೇ ಅಳತೆ. ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ಹೊಸದು ಹಾಕಿದರು, ಒರೆಸಿ ಉಪಯೋಗಿಸಲೇ ಬಾರದಂತೆ.

ಎಷ್ಟಕ್ಕೊಮ್ಮೆ ಬದಲಿಸಬೇಕು? ನಿಮ್ಮ ಗಾಡಿಯ ಮ್ಯಾನುಯಲ್ ಹೇಳಿದ್ದೇ ಮೊದಲ ಮಾತು. ಅದರಲ್ಲಿ ಇಲ್ಲದಿದ್ದರೆ 15,000ದಿಂದ 20,000 ಕಿ.ಮೀ. ಅಥವಾ ಎರಡು ವರ್ಷ, ಯಾವುದು ಮೊದಲೋ ಅದು. ಮಣ್ಣು ರಸ್ತೆ ಜಾಸ್ತಿ ಇದ್ದರೆ ಇನ್ನೂ ಬೇಗ. ಬ್ರ್ಯಾಂಡ್ ಬದಲಿಸುವಾಗ ಡಬ್ಬದ ಮೇಲಿನ 'ಡಬ್ಲ್ಯೂ' ನಂಬರನ್ನೇ ನಂಬಬೇಡಿ. ಒಂದು ಕಂಪನಿಯ 10ಡಬ್ಲ್ಯೂ ಇನ್ನೊಂದರಷ್ಟೇ ಮಂದ ಇರಬೇಕೆಂದಿಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಮಂದತನದ ಅಳತೆ) ಅನ್ನುವುದನ್ನು ಹೋಲಿಸಿ ನೋಡಿ.

ನೀವೇ ಬಿಚ್ಚುವವರಾದರೆ ಹುಷಾರು. ಮೇಲಿನ ಮುಚ್ಚಳದ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ. ಕೊನೇ ಸುತ್ತು ಬಿಚ್ಚುವಾಗ ಮುಖ ಅದರ ಮೇಲೆ ಇರಬಾರದು.

ಈಗ ಸೀಟಿನ ಕೆಳಗೆ ಒಂದು ಟೇಪ್ ಅಂಟಿಸಿ ತಾರೀಕು, ಕಿ.ಮೀ. ಬರೆದಿಟ್ಟಿದ್ದೇನೆ. ಗಾಡಿ ತೊಳೆದಾಗಲೆಲ್ಲ ಫೋರ್ಕ್ ಕೊಳವೆಯ ಮೇಲೆ, ಸೀಲಿನ ಹತ್ತಿರ ಒಮ್ಮೆ ಬೆರಳಾಡಿಸುತ್ತೇನೆ. ಎಣ್ಣೆಯ ಉಂಗುರ ಕಂಡರೆ ಆವತ್ತು ಗಾಡಿ ಹೊರಗೆ ತೆಗೆಯುವುದಿಲ್ಲ.