ಗ್ರಾಮ ಪಂಚಾಯಿತಿಗೋ, ನಗರಸಭೆಗೋ? ಕೋಲಾರದ ಪಕ್ಷದ ಕಾರ್ಯಕರ್ತರಿಗೆ

ಹಳ್ಳಿಯಲ್ಲಿ ಮನೆ, ಕೋಲಾರದಲ್ಲಿ ಅಂಗಡಿ. ಎರಡೂ ಕಡೆ ಜನ ಗೊತ್ತು. ಹಾಗಾದರೆ ಎಲ್ಲಿ ನಿಲ್ಲಬೇಕು? ಮೊದಲು ಮತದಾರರ ಪಟ್ಟಿ ನೋಡಿ. ಹೆಸರು ಎಲ್ಲಿದೆಯೋ ಅಲ್ಲೇ ನಿಮ್ಮ ದಾರಿ. ವಯಸ್ಸು ಎರಡಕ್ಕೂ 21 ತುಂಬಿರಬೇಕು.

ದೊಡ್ಡ ವ್ಯತ್ಯಾಸ ಪಕ್ಷದ ಚಿಹ್ನೆಯದ್ದು. ಪಂಚಾಯಿತಿಯಲ್ಲಿ ಅದಿಲ್ಲ, ಚುನಾವಣಾ ಆಯೋಗ ಕೊಟ್ಟ ಚಿಹ್ನೆಯಲ್ಲೇ ನಿಲ್ಲಬೇಕು. ಟಿಕೆಟ್‌ಗಾಗಿ ಯಾರ ಮನೆ ಬಾಗಿಲಿಗೂ ಅಲೆಯಬೇಕಿಲ್ಲ. ನಗರಸಭೆಯಲ್ಲಿ ಪಕ್ಷದ ಚಿಹ್ನೆ ಬೇಕಿದ್ದರೆ ಬಿ ಫಾರಂ ಬೇಕು, ಅಂದರೆ ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ. ನಾಮಪತ್ರದ ಕೊನೆಯ ದಿನದ ಗಡುವಿನೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರದಿದ್ದರೆ ಪಕ್ಷದ ಚಿಹ್ನೆ ಸಿಗುವುದಿಲ್ಲ. ವರ್ಷಗಟ್ಟಲೆ ದುಡಿದವರಿಗೆ ಇದು ನಿಜಕ್ಕೂ ನೋವಿನ ಮಾತು, ಅಲ್ವಾ? ಹಾಗಾಗಿ ಕೊನೇ ದಿನಕ್ಕೆ ಕಾಯಬೇಡಿ.

ಮತ ಹಾಕುವ ರೀತಿಯೂ ಬೇರೆ. ಪಂಚಾಯಿತಿ ಕ್ಷೇತ್ರದಲ್ಲಿ ಎರಡು ಮೂರು ಸ್ಥಾನಗಳಿದ್ದರೆ ಮತದಾರ ಅಷ್ಟೇ ಮತ ಹಾಕಬಹುದು, ಆದರೆ ಒಬ್ಬರಿಗೆ ಒಂದೇ. ಇದನ್ನು ಮನೆಮನೆಗೆ ಹೋಗಿ ತಿಳಿಸಬೇಕು, ಇಲ್ಲದಿದ್ದರೆ ಮತಗಳು ಸುಮ್ನೆ ಹಾಳಾಗುತ್ತವೆ. ನಗರಸಭೆಯಲ್ಲಿ ವಾರ್ಡಿಗೆ ಒಬ್ಬರೇ ಸದಸ್ಯರು. ಕೋಲಾರದಲ್ಲಿ ಅಂಥ ವಾರ್ಡುಗಳು 35.

ಗೆದ್ದ ಮೇಲೂ ಗಮನವಿರಲಿ. ಪಕ್ಷದ ಚಿಹ್ನೆಯಲ್ಲಿ ಗೆದ್ದವರಿಗೆ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಅಧ್ಯಕ್ಷರ ಆಯ್ಕೆಯಲ್ಲಿ ವಿಪ್, ಅಂದರೆ ಯಾರಿಗೆ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿದರೆ ಸದಸ್ಯತ್ವವೇ ಹೋಗಬಹುದು. ಪಂಚಾಯಿತಿ ಸದಸ್ಯರಿಗೆ ಆ ಕಟ್ಟಿಲ್ಲ.

ಮೊದಲ ಸಲ ನಿಲ್ಲುವವರಿಗೆ ನಾನು ಪಂಚಾಯಿತಿಯನ್ನೇ ಹೇಳುತ್ತೇನೆ. ಪಕ್ಷದ ಬಲ ಜಾಸ್ತಿ ಇರುವ ವಾರ್ಡಿನವರು, ಟಿಕೆಟ್ ಖಚಿತವಿದ್ದರೆ, ನಗರಸಭೆಗೆ ನಿಲ್ಲಿ.