ಶಾಕ್ ನಿಂತಿತು ಅಂತ ನಂಬಬೇಡಿ, ಸಾಕೆಟ್ ಬಿಚ್ಚಿಸಿ ನೋಡಿ

ಮನೆಯಲ್ಲಿ ದೊಡ್ಡ ಪವರ್ ಸಪ್ಲೈ ಇರುವ ಕಂಪ್ಯೂಟರ್ ಇಟ್ಟುಕೊಂಡವರು ಇದನ್ನು ಪೂರ್ತಿ ಓದಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು, ಯಾರೋ ಬಂದು ಎರಡೇ ನಿಮಿಷದಲ್ಲಿ ಸರಿ ಮಾಡಿಕೊಟ್ಟರು ಅನ್ನುವವರಂತೂ ಓದಲೇಬೇಕು.

ಹಳೇ ಹುಬ್ಬಳ್ಳಿಯಲ್ಲಿ ನಮ್ಮದು ಬಾಡಿಗೆ ಮನೆ. ತಮ್ಮ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಾನೆ, ಅದಕ್ಕಂತ 1000 ವ್ಯಾಟ್ ಎಸ್‌ಎಂಪಿಎಸ್ (ಅಂದ್ರೆ ಪವರ್ ಸಪ್ಲೈ) ಇರುವ ಕಂಪ್ಯೂಟರ್ ತಂದ. ಮೊದಲ ದಿನದಿಂದಲೇ ಜುಮ್. ಇಂಥ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸ್ವಲ್ಪ ಕರೆಂಟ್ ಯಾವಾಗಲೂ ಕ್ಯಾಬಿನೆಟ್‌ಗೆ ಸೋರುತ್ತಿರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಸುಮಾರು 115 ವೋಲ್ಟ್ ನಿಂತಿರುತ್ತದೆ. ನಮ್ಮ ಸಾಕೆಟ್‌ಗೆ ಮೂರು ತೂತು ಇದ್ದವು, ಆದರೆ ಅರ್ಥ್ ವೈರೇ ಇರಲಿಲ್ಲ.

ಕರೆಸಿದ ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿ ಏನೋ ಮಾಡಿದ. "ಇನ್ನ ಹೊಡೆಯಂಗಿಲ್ಲ ತಗೋರಿ" ಅಂದು ರೊಕ್ಕ ತೆಗೆದುಕೊಂಡು ಹೋದ. ಜುಮ್ ಅನ್ನುವುದು ನಿಜವಾಗಿಯೂ ನಿಂತಿತು.

ಒಂದು ಮಳೆಗಾಲದ ಸಂಜೆ ಆ ರೂಮಿನ ಲೈಟು, ಕಂಪ್ಯೂಟರ್ ಎರಡೂ ಒಮ್ಮೆಲೇ ಆರಿದವು. ಕರೆಂಟ್ ಹೋಯಿತು ಅಂತಲೇ ಎಲ್ಲರೂ ತಿಳಿದೆವು. ಕಿಟಕಿಯಿಂದ ನೀರು ಸಿಡಿದು ಫರ್ಸಿ ಒದ್ದೆಯಾಗಿತ್ತು. ಕಂಪ್ಯೂಟರ್ ತೊಯ್ಯುತ್ತದೆ ಅಂತ ಅವ್ವ ಬರಿಗಾಲಲ್ಲೇ ಬಂದು ಅದನ್ನು ಸರಿಸಲು ಕೈ ಹಚ್ಚಿದಳು. ಕೂಗಲಿಕ್ಕೂ ಆಗಲಿಲ್ಲ ಅವಳಿಗೆ. ಹಿಂದಕ್ಕೆ ಬಿದ್ದಳು, ಬಿದ್ದದ್ದಕ್ಕೇ ಕೈ ಬಿಟ್ಟಿತು, ಅದಕ್ಕೇ ಬದುಕಿದಳು. ಆಸ್ಪತ್ರೆಯಲ್ಲಿ ಇಸಿಜಿ ಸರಿ ಬಂತು, ಬೆರಳು ಮಾತ್ರ ಸುಟ್ಟಿತ್ತು.

ಮರುದಿನ ಬೇರೆ ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿ ತೋರಿಸಿದ. ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಸ್ಕ್ರೂನಿಂದ ಅರ್ಥ್ ಸ್ಕ್ರೂಗೆ ಬೆರಳುದ್ದದ ಕರಿ ವೈರಿನ ತುಂಡು. ಸೋರುವ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುತ್ತಿತ್ತು, ಅದಕ್ಕೇ ಜುಮ್ ನಿಂತಿತ್ತು, ಅಷ್ಟೇ. ಅವತ್ತು ಸಂಜೆ ಈ ಸಾಕೆಟ್‌ಗೆ ಕರೆಂಟ್ ಬರುವ ಬೋರ್ಡಿನಲ್ಲಿ ನ್ಯೂಟ್ರಲ್ ಸಡಿಲಾಗಿ ಬಿಟ್ಟುಹೋಗಿದೆ. ಆಗ ಫೇಸ್ (ಕರೆಂಟ್ ಬರುವ ವೈರ್) ಕರೆಂಟ್ ಕಂಪ್ಯೂಟರ್ ಮೂಲಕ ಬಂದು, ಮುಂದೆ ದಾರಿ ಇಲ್ಲದೆ, ಆ ತುಂಡು ವೈರಿನಿಂದ ಸೀದಾ ಕ್ಯಾಬಿನೆಟ್‌ಗೇ ಬಂದಿದೆ. ಪೂರ್ತಿ 230 ವೋಲ್ಟ್. ಬೋರ್ಡಿನಲ್ಲಿ ತಾನೇ ಆಫ್ ಆಗುವ ಸ್ವಿಚ್, ಎಂಸಿಬಿ, ಬೀಳಲಿಲ್ಲ, ಯಾಕಂದ್ರೆ ಅದು ಬೀಳುವುದು ಓವರ್‌ಲೋಡ್ ಅಥವಾ ಶಾರ್ಟ್ ಆದಾಗ. ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಮಾತು ಗೊತ್ತಿರಲಿ. ಫೇಸ್‌ಗೂ ಅರ್ಥ್‌ಗೂ ಬಲ್ಬ್ ಹಚ್ಚಿ "ನೋಡ್ರಿ, ಅರ್ಥಿಂಗ್ ಐತಿ" ಅಂತ ತೋರಿಸುತ್ತಾರಲ್ವಾ, ನ್ಯೂಟ್ರಲ್ ಅನ್ನೇ ಅರ್ಥ್‌ಗೆ ಹೀಗೆ ಜೋಡಿಸಿದ್ದರೂ ಆ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಮೇನ್ ಆಫ್ ಮಾಡಿಸಿ, ಸಾಕೆಟ್ ಬಿಚ್ಚಿಸಿ, ಹಸಿರು ವೈರ್ ಅರ್ಥಿಂಗ್ ಗುಂಡಿಯವರೆಗೂ ಹೋಗಿದೆಯಾ ಅಂತ ಕಣ್ಣಾರೆ ನೋಡಿ. ನಮ್ಮ ಕಡೆ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟು ರಾಡ್ ಸುತ್ತ ಸಂದಿ ಬೀಳುತ್ತದೆ, ಆಗಾಗ ನೀರು ಹಾಕಬೇಕು.

30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಕೂಡಲೇ ಆಫ್ ಆಗುವ ಸ್ವಿಚ್) ಹಾಕಿಸಿ. ಮಾಲೀಕರು ಒಲ್ಲೆ ಅಂದರೂ ಬಿಡಬೇಡಿ, ಅವ್ವನ ಆಸ್ಪತ್ರೆ ಬಿಲ್ಲಿಗಿಂತ ಅದು ಕಡಿಮೆಯೇ ಆಯಿತು. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ. ಟ್ರಿಪ್ ಆಗದಿದ್ದರೆ ಕೂಡಲೇ ಬದಲಿಸಿ.